ಬಣ್ಣ ಮಾಸಿದ ಕನ್ನಡಕ ಕಣ್ಣು ಕಾಯುವುದೇ?

ಬಿಸಿಲಿಗೆ ಬಂದೊಡನೆ ಕಪ್ಪಾಗಿ, ಕೋಣೆಯೊಳಗೆ ಕಾಲಿಟ್ಟ ಕೆಲವು ನಿಮಿಷಗಳಲ್ಲಿ ಮತ್ತೆ ತಿಳಿಯಾಗುವ ಕನ್ನಡಕವನ್ನು ನೀವು ನೋಡಿರುತ್ತೀರಿ. ಅಂಗಡಿಯವರು ಇದನ್ನು 'ಫೋಟೋಕ್ರೋಮಿಕ್' ಎನ್ನುತ್ತಾರೆ. ಕೊಳ್ಳುವಾಗ ಅವರು ಹೇಳುವ ಮಾತು ಎರಡು: ಇದು ಬಿಸಿಲಿನ ಝಳವನ್ನು ತಗ್ಗಿಸುತ್ತದೆ, ಅತಿನೇರಳೆ ಕಿರಣಗಳಿಂದ ಕಣ್ಣನ್ನು ಕಾಪಾಡುತ್ತದೆ.

ಎರಡು ಮೂರು ವರ್ಷ ಕಳೆಯುತ್ತದೆ. ಕನ್ನಡಕ ಮೊದಲಿನಷ್ಟು ಕಪ್ಪಾಗುವುದಿಲ್ಲ. ತಿಳಿಯಾಗಲೂ ಹೆಚ್ಚು ಹೊತ್ತು ಬೇಕಾಗುತ್ತದೆ. ನೆರಳಿನಲ್ಲಿಯೂ ನಸುಹಳದಿ ಛಾಯೆ ಉಳಿಯುತ್ತದೆ. ಆಗ ಸಹಜವಾಗಿಯೇ ಒಂದು ಆತಂಕ ಮೂಡುತ್ತದೆ. ಬಣ್ಣ ಮಾಸಿದಂತೆ ರಕ್ಷಣೆಯೂ ಮಾಸಿತೇ? ಉತ್ತರ ತಿಳಿಯಲು ಮಸೂರದೊಳಗೆ ನಡೆಯುವುದೇನೆಂದು ನೋಡಬೇಕು.

ಅತಿನೇರಳೆ ಕಿರಣ ಮತ್ತು ಕಣ್ಣು

ಸೂರ್ಯನಿಂದ ಬರುವ ಅತಿನೇರಳೆ ಕಿರಣಗಳನ್ನು ತರಂಗದೂರಕ್ಕೆ ಅನುಗುಣವಾಗಿ ಮೂರು ಗುಂಪು ಮಾಡಿದ್ದಾರೆ. 280 ನ್ಯಾನೋಮೀಟರಿಗಿಂತ ಕಡಿಮೆಯವು 'ಸಿ', 280ರಿಂದ 315ರವರೆಗಿನವು 'ಬಿ', 315ರಿಂದ 400ರವರೆಗಿನವು 'ಎ'. 'ಸಿ' ಕಿರಣಗಳನ್ನು ವಾಯುಮಂಡಲ ಪೂರ್ತಿಯಾಗಿ ತಡೆಯುತ್ತದೆ. 'ಬಿ' ಕಿರಣಗಳ ಬಹುಭಾಗವೂ ಮೇಲೆಯೇ ಉಳಿಯುತ್ತದೆ. ನೆಲ ಮುಟ್ಟುವ ಅತಿನೇರಳೆಯಲ್ಲಿ ಹೆಚ್ಚಿನದು 'ಎ' ಕಿರಣ.

ಕಣ್ಣಿನ ಕಾರ್ನಿಯಾ 'ಬಿ' ಕಿರಣಗಳ ಬಹುಪಾಲನ್ನು ಹೀರಿಕೊಳ್ಳುತ್ತದೆ. ಅದನ್ನು ದಾಟಿದ 'ಎ' ಕಿರಣಗಳು ಕಣ್ಣಿನ ಮಸೂರಕ್ಕೆ ತಾಕುತ್ತವೆ. ವರ್ಷಗಟ್ಟಲೆ ಬಿಸಿಲಿನಲ್ಲಿ ದುಡಿಯುವವರಲ್ಲಿ ಕಣ್ಣಿನ ಪೊರೆ ಬೆಳೆಯಲು, ಬಿಳಿಗುಡ್ಡೆಯಿಂದ ಕಪ್ಪು ಭಾಗದತ್ತ ಮಾಂಸದ ಪದರ ಹಬ್ಬಲು ಈ ಕಿರಣಗಳೂ ಒಂದು ಕಾರಣ. ಹಾನಿ ಒಂದೇ ದಿನದ್ದಲ್ಲ. ಅದು ಆಯುಷ್ಯದುದ್ದಕ್ಕೂ ಕೂಡಿಕೊಳ್ಳುತ್ತಾ ಹೋಗುತ್ತದೆ. ಆದ್ದರಿಂದಲೇ ಕನ್ನಡಕದ ರಕ್ಷಣೆ ಎಷ್ಟು ಕಾಲ ಬಾಳುತ್ತದೆ ಎಂಬ ಪ್ರಶ್ನೆಗೆ ಮಹತ್ವವಿದೆ.

ಗಾಜಿನಲ್ಲಿ ಬೆಳ್ಳಿ, ಪ್ಲಾಸ್ಟಿಕ್ಕಿನಲ್ಲಿ ವರ್ಣಕ

ಬೆಳಕಿಗೆ ಕಪ್ಪಾಗುವ ಗಾಜನ್ನು 1960ರ ದಶಕದಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ವಿಲಿಯಂ ಆರ್ಮಿಸ್ಟೆಡ್ ಮತ್ತು ಡೊನಾಲ್ಡ್ ಸ್ಟೂಕಿ ರೂಪಿಸಿದರು. ಗಾಜಿನೊಳಗೆ ಸಿಲ್ವರ್ ಹ್ಯಾಲೈಡ್‌ನ ಅತಿ ಸೂಕ್ಷ್ಮ ಹರಳುಗಳೂ ಅತ್ಯಲ್ಪ ಪ್ರಮಾಣದಲ್ಲಿ ತಾಮ್ರವೂ ಇರುತ್ತವೆ. ಅತಿನೇರಳೆ ಬೆಳಕು ಬಿದ್ದಾಗ ತಾಮ್ರದ ಅಯಾನು ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ. ಬೆಳ್ಳಿಯ ಅಯಾನು ಅದನ್ನು ಪಡೆದು ಲೋಹವಾಗುತ್ತದೆ. ಬೆಳ್ಳಿಯ ಕಣಗಳು ಬೆಳಕನ್ನು ಹೀರಿ ಗಾಜು ಕಪ್ಪಾಗಿ ಕಾಣುತ್ತದೆ. ಬೆಳಕು ತಗ್ಗಿದಾಗ ಎಲೆಕ್ಟ್ರಾನು ಹಿಂದಿರುಗುತ್ತದೆ. ಹಳೆಯ ಕಾಲದ ಫೋಟೋ ಫಿಲ್ಮಿನಲ್ಲೂ ಬೆಳ್ಳಿಯೇ ಕಪ್ಪಾಗುತ್ತಿತ್ತು. ಆದರೆ ಅಲ್ಲಿ ಬದಲಾವಣೆ ಶಾಶ್ವತ. ಗಾಜಿನಲ್ಲಿ ಯಾವ ಘಟಕವೂ ತಪ್ಪಿಸಿಕೊಂಡು ಹೋಗಲಾರದು. ಹಾಗಾಗಿ ಈ ಆಟ ಸಾವಿರಾರು ಬಾರಿ ನಡೆದರೂ ಗಾಜು ದಣಿಯುವುದಿಲ್ಲ.

ಗಾಜು ಭಾರ, ಬಿದ್ದರೆ ಒಡೆಯುತ್ತದೆ. 1990ರ ದಶಕದಿಂದ ಅದರ ಜಾಗವನ್ನು ಪ್ಲಾಸ್ಟಿಕ್ ಮಸೂರಗಳು ಆಕ್ರಮಿಸಿದವು. ಇವುಗಳಲ್ಲಿ ಇರುವುದು ನ್ಯಾಫ್ತೋಪೈರಾನ್, ಸ್ಪೈರೋಆಕ್ಸಜೀನ್ ಮುಂತಾದ ಕಾರ್ಬನಿಕ ವರ್ಣಕಗಳು. ನೆರಳಿನಲ್ಲಿ ಇವುಗಳ ಅಣು ಮಡಿಸಿದಂತಿದ್ದು ಬಣ್ಣವಿಲ್ಲದೆ ಇರುತ್ತದೆ. ಅತಿನೇರಳೆಯ ಶಕ್ತಿಯನ್ನು ಹೀರಿದಾಗ ಅಣುವಿನ ಒಂದು ಕಾರ್ಬನ್-ಆಕ್ಸಿಜನ್ ಬಂಧ ಮುರಿದು ಉಂಗುರ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ಅಣು ಚಪ್ಪಟೆಯಾಗಿದ್ದು ಗೋಚರ ಬೆಳಕನ್ನು ಹೀರಬಲ್ಲದು, ಮಸೂರ ಕಪ್ಪಾಗುತ್ತದೆ. ಅಣುವನ್ನು ಮತ್ತೆ ಮಡಿಸುವುದು ಮುಖ್ಯವಾಗಿ ಶಾಖ. ಹೀಗಾಗಿ ಕೊಡಗಿನ ಚಳಿಗಾಲದ ಬೆಳಗಿನಲ್ಲಿ ಗಾಢವಾಗುವ ಅದೇ ಕನ್ನಡಕ ರಾಯಚೂರಿನ ಬೇಸಿಗೆಯ ಮಧ್ಯಾಹ್ನ ಅಷ್ಟು ಕಪ್ಪಾಗದು. ಇದು ಮಸೂರದ ದೋಷವಲ್ಲ. ಕಾರಿನ ಮುಂಗಾಜು ಅತಿನೇರಳೆಯನ್ನು ಬಹುಪಾಲು ತಡೆಯುವುದರಿಂದ ಕಾರಿನೊಳಗೆ ಸಾಮಾನ್ಯ ಫೋಟೋಕ್ರೋಮಿಕ್ ಮಸೂರ ಕಪ್ಪಾಗದಿರುವುದೂ ದೋಷವಲ್ಲ.

ಮಾಸುವುದು ಯಾವುದು?

ಪ್ಲಾಸ್ಟಿಕ್ ಮಸೂರದಲ್ಲಿ ಎರಡು ಬಗೆಯ ಅಣುಗಳು ಕೆಲಸ ಮಾಡುತ್ತಿವೆ. ಒಂದು, ಕಪ್ಪಾಗುವ ವರ್ಣಕ. ಇದು ಬಹುಪಾಲು ಮಸೂರಗಳಲ್ಲಿ ಮುಂಭಾಗದ ತೆಳುಪದರದಲ್ಲಿರುತ್ತದೆ. ಇನ್ನೊಂದು, ಮಸೂರದ ಒಡಲಿನಲ್ಲೆಲ್ಲ ಬೆರೆತಿರುವ ಅತಿನೇರಳೆ ಹೀರುಕ. ಪಾಲಿಕಾರ್ಬನೇಟ್‌ನಂಥ ಪ್ಲಾಸ್ಟಿಕ್ಕಾದರೆ ಅದು ತಾನೇ ಸುಮಾರು 380 ನ್ಯಾನೋಮೀಟರಿನವರೆಗೆ ಈ ಕಿರಣಗಳನ್ನು ತಡೆಯುತ್ತದೆ. ವರ್ಣಕ ಮುಂದೆ ಇರಬೇಕಾದದ್ದು ಏಕೆಂದು ಯೋಚಿಸಿ. ಹೀರುಕ ಮುಂದಿದ್ದರೆ ವರ್ಣಕಕ್ಕೆ ಕಿರಣವೇ ತಲಪುತ್ತಿರಲಿಲ್ಲ. ಮಸೂರ ಕಪ್ಪಾಗುತ್ತಲೇ ಇರಲಿಲ್ಲ.

ವರ್ಣಕದ ಅಣು ಬಿಚ್ಚಿಕೊಂಡ ಸ್ಥಿತಿಯಲ್ಲಿ ಸೆಕೆಂಡುಗಳಿಂದ ನಿಮಿಷಗಳವರೆಗೆ ಇರುತ್ತದೆ. ಆ ಅವಧಿಯಲ್ಲಿ ಆಕ್ಸಿಜನ್ನಿನೊಡನೆ ವರ್ತಿಸಿ ಕೆಲವು ಅಣುಗಳು ಕೆಡುತ್ತವೆ. ಕೆಟ್ಟ ಅಣು ಮತ್ತೆ ಮಡಿಸಿಕೊಳ್ಳುವುದಿಲ್ಲ. ಹಳೆಯ ಮಸೂರದ ಹಳದಿ ಛಾಯೆಗೆ ಇಂಥ ಅವಶೇಷಗಳೂ ಕಾರಣ. ಹೀರುಕದ ಅಣುವಿನ ರೀತಿಯೇ ಬೇರೆ. ಅದು ಹೀರಿದ ಶಕ್ತಿಯನ್ನು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗದಷ್ಟು ಹೊತ್ತಿನೊಳಗೆ ಶಾಖವಾಗಿಸಿ ಮೊದಲಿನಂತಾಗುತ್ತದೆ. ಕೆಡುವುದಕ್ಕೆ ಸಮಯವೇ ಸಿಗುವುದಿಲ್ಲ. ಹೀಗಾಗಿ ಹೀರುಕ ವರ್ಣಕಕ್ಕಿಂತ ಬಹಳ ಹೆಚ್ಚು ಕಾಲ ಬಾಳುತ್ತದೆ.

ಒಂದು ಸಣ್ಣ ಲೆಕ್ಕ

ಒಂದು ವೇಳೆ ಹೀರುಕವೂ ವರ್ಣಕದಷ್ಟೇ ನಷ್ಟವಾಯಿತು ಎಂದಿಟ್ಟುಕೊಳ್ಳೋಣ. ಆಗಲೂ ಪರಿಣಾಮ ಒಂದೇ ಅಲ್ಲ. ಹೀರುಕವನ್ನು ಮೂರು ಸಮ ಪದರಗಳೆಂದು ಭಾವಿಸಿ. ಪ್ರತಿ ಪದರವೂ ತನ್ನ ಮೇಲೆ ಬಿದ್ದ ಅತಿನೇರಳೆಯ ಹತ್ತರಲ್ಲಿ ಒಂದು ಪಾಲನ್ನು ಮಾತ್ರ ಮುಂದೆ ಬಿಡಲಿ. 1000 ಪಾಲು ಬಿದ್ದರೆ ಮೊದಲ ಪದರದ ನಂತರ 100, ಎರಡನೆಯದರ ನಂತರ 10, ಮೂರನೆಯದರ ನಂತರ 1 ಉಳಿಯುತ್ತದೆ. ತಡೆ ಶೇಕಡ 99.9. ಈಗ ಮೂರನೇ ಒಂದು ಭಾಗ, ಅಂದರೆ ಒಂದು ಪದರ, ನಾಶವಾಗಲಿ. ದಾಟುವುದು 10 ಪಾಲು. ತಡೆ ಇನ್ನೂ ಶೇಕಡ 99.

ಅದೇ ಲೆಕ್ಕವನ್ನು ಕಪ್ಪುಬಣ್ಣಕ್ಕೆ ಹಾಕಿ. ಬಿಸಿಲಿನಲ್ಲಿ ಪ್ರತಿ ಪದರವೂ ಶೇಕಡ 53ರಷ್ಟು ಗೋಚರ ಬೆಳಕನ್ನು ಬಿಡುತ್ತದೆ ಎನ್ನೋಣ. ಮೂರು ಪದರ ದಾಟಿದ ಮೇಲೆ ಉಳಿಯುವುದು ಶೇಕಡ 15. ಒಂದು ಪದರ ಹೋದರೆ ಶೇಕಡ 28. ಕಣ್ಣಿಗೆ ಬೀಳುವ ಬೆಳಕು ಹೆಚ್ಚುಕಡಿಮೆ ಎರಡರಷ್ಟಾಯಿತು! ಲ್ಯಾಂಬರ್ಟ್-ಬಿಯರ್ ನಿಯಮದ ನೇರ ಫಲ ಇದು. ಮಾಸಿದ್ದು ಕಣ್ಣಿಗೆ ಎದ್ದು ಕಾಣುತ್ತದೆ. ರಕ್ಷಣೆ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ.

ಕಪ್ಪಾದುದೆಲ್ಲ ಕಾವಲಲ್ಲ

ಇದರ ಇನ್ನೊಂದು ಮಗ್ಗುಲು ಹೆಚ್ಚು ಅಪಾಯದ್ದು. ಕಪ್ಪಾಗಿದೆ ಎಂಬುದು ರಕ್ಷಣೆಯ ಗುರುತಲ್ಲ. ಜಾತ್ರೆಯಲ್ಲಿ ಮಗುವಿಗೆ ಕೊಡಿಸಿದ ಕೂಲಿಂಗ್ ಗ್ಲಾಸ್ ಬರಿಯ ಬಣ್ಣದ್ದಾಗಿದ್ದು ಅದರಲ್ಲಿ ಅತಿನೇರಳೆಗೆ ತಡೆ ಇಲ್ಲದಿದ್ದರೆ? ಕತ್ತಲೆಯ ಹಿಂದೆ ಪಾಪೆ ಅಗಲವಾಗುತ್ತದೆ. ಕಾಣದ ಕಿರಣ ಆ ಅಗಲ ಬಾಗಿಲಿನಿಂದ ಒಳನುಗ್ಗುತ್ತದೆ. ಮಕ್ಕಳ ಕಣ್ಣಿನ ಮಸೂರ ದೊಡ್ಡವರದಕ್ಕಿಂತ ತಿಳಿಯಾಗಿದ್ದು ಹೆಚ್ಚು ಅತಿನೇರಳೆಯನ್ನು ಒಳಬಿಡುತ್ತದೆ. ಬೆಲೆ ಕಡಿಮೆ ಎಂದ ಮಾತ್ರಕ್ಕೆ ಕನ್ನಡಕ ಕೆಟ್ಟದ್ದೆಂದಲ್ಲ. ಬಣ್ಣ ನೋಡಿ ನಂಬಬಾರದು ಎಂದಷ್ಟೇ.

ತರಗತಿಯಲ್ಲೊಂದು ಪರೀಕ್ಷೆ

ನೋಟು ಪರೀಕ್ಷಿಸುವ 365 ನ್ಯಾನೋಮೀಟರಿನ ಟಾರ್ಚನ್ನು ತನ್ನಿ. ಕತ್ತಲು ಮಾಡಿದ ಕೋಣೆಯಲ್ಲಿ ಅದರ ಬೆಳಕನ್ನು ನೋಟಿನ ಮೇಲೆ ಬಿಡಿ. ನೋಟಿನ ಸಂಖ್ಯೆಯಿರುವ ಭಾಗ ಮತ್ತು ಸಣ್ಣ ಎಳೆಗಳು ಹೊಳೆಯುತ್ತವೆ. ಈಗ ಟಾರ್ಚಿಗೂ ನೋಟಿಗೂ ನಡುವೆ ಮೊದಲು ಕಿಟಕಿ ಗಾಜಿನ ತುಂಡನ್ನು, ಆಮೇಲೆ ಹಳೆಯ ಫೋಟೋಕ್ರೋಮಿಕ್ ಕನ್ನಡಕವನ್ನು ಹಿಡಿಯಿರಿ. ಗಾಜಿನ ಹಿಂದೆ ಹೊಳಪು ಉಳಿಯುತ್ತದೆ. ಒಳ್ಳೆಯ ಮಸೂರದ ಹಿಂದೆ ಆರುತ್ತದೆ. ಎಚ್ಚರಿಕೆ: ಟಾರ್ಚನ್ನು ಯಾರ ಕಣ್ಣಿಗೂ ಬಿಡಬಾರದು. 395 ನ್ಯಾನೋಮೀಟರಿನ ಅಗ್ಗದ ಟಾರ್ಚಿನಿಂದ ಪರೀಕ್ಷೆ ದಾರಿ ತಪ್ಪಬಹುದು. ಏಕೆಂದರೆ 380ರವರೆಗೆ ಮಾತ್ರ ತಡೆಯುವ ಮಸೂರ ಅದನ್ನು ಹಾಯಗೊಡುತ್ತದೆ. ನಿಖರವಾದ ಅಳತೆಗೆ ಕನ್ನಡಕದ ಅಂಗಡಿಯ ಅತಿನೇರಳೆ ಮಾಪಕವೇ ಬೇಕು. ಅದು ಯಾವ ತರಂಗದೂರದಲ್ಲಿ ಅಳೆಯುತ್ತದೆ ಎಂದು ಕೇಳಿ ತಿಳಿಯಿರಿ.

ಹಾಗಾದರೆ ಮಾಸಿದ ಕನ್ನಡಕವನ್ನು ಬದಲಿಸಬೇಕೇ? ಬಿಸಿಲು ಕಣ್ಣಿಗೆ ಚುಚ್ಚುತ್ತಿದ್ದರೆ, ಹಳದಿ ಛಾಯೆ ತೊಂದರೆ ಕೊಡುತ್ತಿದ್ದರೆ, ಕಣ್ಣಿನ ಪವರ್ ಬದಲಾಗಿದ್ದರೆ ಬದಲಿಸಿ. ಕೊಳ್ಳುವಾಗ 400 ನ್ಯಾನೋಮೀಟರಿನವರೆಗೆ ತಡೆ ಇದೆಯೇ ಎಂದು ವಿಚಾರಿಸಿ. ಬಣ್ಣ ಮಾಸಿದೆ ಎಂಬ ಒಂದೇ ಕಾರಣಕ್ಕೆ ಕಣ್ಣು ಬೇಯುತ್ತಿದೆ ಎಂದು ಹೆದರಬೇಕಾಗಿಲ್ಲ. ಹೊಸದಿರಲಿ, ಹಳೆಯದಿರಲಿ, ಚೌಕಟ್ಟಿನ ಪಕ್ಕದಿಂದ ಮತ್ತು ಮೇಲಿನಿಂದ ನುಸುಳುವ ಕಿರಣವನ್ನು ಯಾವ ಮಸೂರವೂ ತಡೆಯಲಾರದು. ಅದಕ್ಕೆ ಅಗಲ ಅಂಚಿನ ಟೋಪಿಯೋ ಕೊಡೆಯೋ ಬೇಕು.