ಸುಗ್ಗಿಗೆ ಮೊದಲೇ ಬೆಲೆ ಕಟ್ಟುವ ಯಂತ್ರ

ದೇವಸಮುದ್ರದ ಕಡೆಯ ರೈತನು ಮುಂಗಾರಿನಲ್ಲಿ ಶೇಂಗಾ ಬಿತ್ತುವ ದಿನ ಅವನ ಕೈಗೆ ಬರುವುದು ಏನೂ ಇಲ್ಲ. ಬೀಜ, ಗೊಬ್ಬರ, ಕೂಲಿ ಎಂದು ಹೋಗುವುದೇ ಎಲ್ಲ. ಆದರೂ ಹದವಾದ ಹೊಲವನ್ನು ಕಂಡು ಅವನ ಮುಖ ಅರಳುತ್ತದೆ. ಆ ದಿನದ ಬೆಲೆಯಿರುವುದು ಆ ದಿನದ ಆದಾಯದಲ್ಲಲ್ಲ, ಅಲ್ಲಿಂದ ಸುಗ್ಗಿಯವರೆಗೆ ನಿರೀಕ್ಷಿಸಬಹುದಾದ ಒಟ್ಟು ಫಲದಲ್ಲಿ. ಒಂದೊಂದು ಸ್ಥಿತಿಗೂ ಹೀಗೆ ಮುಂದಿನ ಫಲವನ್ನೆಣಿಸಿ ಬೆಲೆ ಕಟ್ಟುವ ಲೆಕ್ಕವನ್ನೇ ಗಣಕವಿಜ್ಞಾನಿಗಳು ವ್ಯಾಲ್ಯೂ ಫಂಕ್ಷನ್, ಅಂದರೆ ಮೌಲ್ಯಫಲನ ಎನ್ನುತ್ತಾರೆ. ತಾನೇ ಮಾಡಿ ನೋಡಿ, ಬಂದ ಪ್ರತಿಫಲದಿಂದ ಕಲಿಯುವ ಅನೇಕ ಯಂತ್ರಗಳಿಗೆ ಇದೇ ಜೀವಾಳ. ರೈತನು ಮುಂದೆ ಹೇಗೆ ನಡೆದುಕೊಳ್ಳುವನೆಂಬುದೂ ಈ ಬೆಲೆಯಲ್ಲಿ ಅಡಗಿದೆಯೆಂಬುದನ್ನು ಮರೆಯಬಾರದು. ಕಳೆ ತೆಗೆಯದವನ ಹೊಲಕ್ಕೆ ಅದೇ ಮಳೆಯಲ್ಲೂ ಬೆಲೆ ಕಡಿಮೆಯೇ.

ಈ ಬೆಲೆಯನ್ನು ಯಂತ್ರವು ಕಲಿಯುವ ಬಗೆ ಹೇಗೆ? ಸುಗ್ಗಿಯಾದ ಮೇಲೆ ಲೆಕ್ಕ ತಿದ್ದುವುದು ಒಂದು ಮಾರ್ಗ. ರಿಚರ್ಡ್ ಸಟನ್ 1988ರಲ್ಲಿ ವಿಶದಪಡಿಸಿದ ಮಾರ್ಗದಲ್ಲಿ ಅಷ್ಟು ಕಾಯಬೇಕಾಗಿಲ್ಲ. ಬಿತ್ತಿದ ದಿನ ಹತ್ತು ಚೀಲದ ಅಂದಾಜಿತ್ತೆನ್ನಿ. ಹೂ ಬಿಡುವ ಹೊತ್ತಿಗೆ ಮಳೆ ಕೈಕೊಟ್ಟು ಅಂದಾಜು ಆರಕ್ಕಿಳಿಯಿತು. ವ್ಯತ್ಯಾಸ ನಾಲ್ಕು. ಅದರ ಹತ್ತನೆಯ ಒಂದು ಪಾಲನ್ನು ಹಳೆಯ ಅಂದಾಜಿನಿಂದ ಕಳೆದರೆ ಬಿತ್ತನೆ ದಿನದ ಬೆಲೆ 9.6 ಆಯಿತು. ಊಹೆಯನ್ನು ಊಹೆಯಿಂದಲೇ ತಿದ್ದುವುದೇ ಎಂದು ನಮ್ಮ ತರ್ಕಶಾಸ್ತ್ರದ ಮಿತ್ರರು ಹುಬ್ಬೇರಿಸಬಹುದು. ಆದರೆ ಎರಡನೆಯ ಊಹೆಯಲ್ಲಿ ನಡುವೆ ಕಂಡ ನಿಜಸಂಗತಿಯೂ ಬೆರೆತಿರುತ್ತದಲ್ಲವೆ?

ಸ್ಥಿತಿಗಳು ಕೆಲವೇ ಇದ್ದರೆ ಒಂದು ಪಟ್ಟಿ ಸಾಕು. ಅವು ಅಸಂಖ್ಯವಾದಾಗ ಪಟ್ಟಿ ಮುರಿದು ಬೀಳುತ್ತದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲೂ ಆವರಣವುಳ್ಳ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಲ್. ಎ. ಪ್ರಶಾಂತ್ ಮತ್ತು ಶಲಭ್ ಭಟ್ನಾಗರ್ ಅವರು ಸಂಚಾರ ದೀಪಗಳ ನಿಯಂತ್ರಣಕ್ಕೆ ಈ ವಿದ್ಯೆಯನ್ನು ಅನ್ವಯಿಸಿ 2011ರಲ್ಲಿ ಪ್ರಬಂಧ ಪ್ರಕಟಿಸಿದರು. ಪ್ರತಿ ರಸ್ತೆಯ ವಾಹನಗಳನ್ನು ಒಂದೊಂದಾಗಿ ಎಣಿಸದೆ, ದಟ್ಟಣೆ ಅಲ್ಪವೋ ಮಧ್ಯಮವೋ ಅಧಿಕವೋ ಎಂಬಷ್ಟರಿಂದಲೇ ಬೆಲೆ ಕಟ್ಟಿದ್ದು ಅವರ ಜಾಣ್ಮೆ. ಅಲ್ಲಿ ಯಾವ ಲಕ್ಷಣಗಳನ್ನು ನೋಡಬೇಕೆಂದು ಆರಿಸಿದವರು ಮನುಷ್ಯರು. ಬಹುಪದರಗಳ ನರಜಾಲವು ಅವುಗಳನ್ನೂ ತಾನೇ ಹುಡುಕಿಕೊಳ್ಳುತ್ತದೆ. 2015ರಲ್ಲಿ ಡೀಪ್‌ಮೈಂಡ್ ಸಂಸ್ಥೆಯವರು ಇಂಥ ಜಾಲಕ್ಕೆ ಪರದೆಯ ಚಿತ್ರ ಮತ್ತು ಅಂಕಗಳನ್ನಷ್ಟೇ ಕೊಟ್ಟು 49 ಅಟಾರಿ ಆಟಗಳನ್ನು ಕಲಿಸಿದರು.

ತೊಡಕಿರುವುದು ಮುಂದೆ. ಶೇಂಗಾ, ತೊಗರಿ, ನವಣೆ ಮೂರರ ನಿಜವಾದ ಬೆಲೆಯೂ ಹತ್ತೇ ಇರಲಿ. ಯಂತ್ರದ ಅಂದಾಜು ಮಾತ್ರ 12, 10, 9 ಎಂದಿರಲಿ. ಅತ್ಯುತ್ತಮವಾದುದನ್ನೇ ಆರಿಸುವ ಯಂತ್ರವು ಶೇಂಗಾವನ್ನು ಹಿಡಿದು, ಈ ಹೊಲದ ಬೆಲೆ ಹನ್ನೆರಡು ಎಂದು ಬರೆದುಕೊಳ್ಳುತ್ತದೆ. ತಪ್ಪು ಅಂದಾಜುಗಳಲ್ಲಿ ದೊಡ್ಡದನ್ನೇ ಆಯುತ್ತಾ ಹೋದಂತೆ ಉತ್ಪ್ರೇಕ್ಷೆ ಹಿಂದಿನ ಸ್ಥಿತಿಗಳಿಗೂ ಹರಡುತ್ತದೆ. ಆಟದಲ್ಲಿ ಸೋತ ಯಂತ್ರ ಲಕ್ಷಾಂತರ ಬಾರಿ ಮತ್ತೆ ಆಡಬಲ್ಲದು; ಸಾಲ ತಂದು ಬಿತ್ತಿದವನಿಗೆ ಮುಂದಿನ ಮುಂಗಾರಿಗೆ ವರ್ಷ ಕಾಯಬೇಕು. ಹಾಗಾಗಿ ಬೇಸಾಯದ ಸಲಹೆಗೆ ಇಂಥ ಯಂತ್ರವನ್ನು ಕರೆತರುವವರು ಮೊದಲು ಕೇಳಬೇಕಾದದ್ದು ಈ ಉತ್ಪ್ರೇಕ್ಷೆಯ ವಿಚಾರವನ್ನೇ ಎಂದು ನನ್ನ ಅಭಿಪ್ರಾಯ.

ಹಾಡೊ ವಾನ್ ಹ್ಯಾಸೆಲ್ಟ್ 2010ರಲ್ಲಿ ಸೂಚಿಸಿದ ಪರಿಹಾರ ಸರಳವಾದುದು. ಬೇರೆ ಬೇರೆ ಅನುಭವಗಳಿಂದ ಕಲಿತ ಎರಡು ಅಂದಾಜುಗಳನ್ನಿಟ್ಟುಕೊಂಡು, ಒಂದರಿಂದ ಬೆಳೆಯನ್ನು ಆರಿಸಿ ಇನ್ನೊಂದರಿಂದ ಅದಕ್ಕೆ ಬೆಲೆ ಕಟ್ಟುವುದು. ಮೊದಲನೆಯದು ಮರುಳಾದ ಶೇಂಗಾಕ್ಕೆ ಎರಡನೆಯದೂ ಮರುಳಾಗಬೇಕೆಂದೇನಿಲ್ಲ. 2015ರಲ್ಲಿ ಅವರೂ ಸಂಗಡಿಗರೂ ಇದನ್ನು ಆ ಅಟಾರಿ ಯಂತ್ರಕ್ಕೆ ಅಳವಡಿಸಿ ನೋಡಿದಾಗ ಅಂದಾಜುಗಳು ನಿಜಕ್ಕೆ ಹತ್ತಿರವಾದುವು. ಹಲವು ಆಟಗಳಲ್ಲಿ ಅಂಕಗಳೂ ಏರಿದುವು.