ನಿಮ್ಮ ಪುಸ್ತಕಕ್ಕೆ ನೀವೇ ಪ್ರಕಾಶಕರಾಗುವುದಾದರೆ

ಬರೆದವರೇ ಪುಸ್ತಕ ಹೊರತರುವುದು ಕನ್ನಡಕ್ಕೆ ಹೊಸದಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ಅಲೆದು ಮಾರಿದವರು. ಇಂದು ಗಂಟು ಹೊರಬೇಕಿಲ್ಲ. ಆದರೆ ‘ಎಲ್ಲವನ್ನೂ ನಾವೇ ಮಾಡಿಕೊಡುತ್ತೇವೆ’ ಎಂದು ಪ್ಯಾಕೇಜ್ ಮಾರುವವರು ಬಹಳ. ಅದರೊಳಗಿನ ಎಷ್ಟೋ ಕೆಲಸಕ್ಕೆ ಕಾಸೇ ಬೇಕಾಗಿಲ್ಲ. ಹಾಗಾಗಿ ಯಾವುದು ಉಚಿತ, ಯಾವುದಕ್ಕೆ ಖರ್ಚು ಎಂಬುದನ್ನು ಮೊದಲೇ ತಿಳಿದುಕೊಳ್ಳಿ.

ಐಎಸ್‌ಬಿಎನ್ ಎಂದರೆ ಪುಸ್ತಕದ 13 ಅಂಕಿಯ ಗುರುತಿನ ಸಂಖ್ಯೆ. ನಮ್ಮಲ್ಲಿ ಇದನ್ನು ಕೊಡುವುದು ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ. ಲೇಖಕರು ತಮ್ಮ ಹೆಸರಿನಲ್ಲೇ ಆನ್‌ಲೈನ್ ಅರ್ಜಿ ಹಾಕಬಹುದು, ಶುಲ್ಕವಿಲ್ಲ. ಇ-ಪುಸ್ತಕ ತಂದರೆ ಅದಕ್ಕೆ ಬೇರೆ ಸಂಖ್ಯೆ.

ಈ ಸಂಖ್ಯೆ ಸಿಕ್ಕರೆ ಕೃತಿಯ ಹಕ್ಕೂ ಸಿಕ್ಕಂತೆಯೇ? ಅಲ್ಲ. ಕಾಪಿರೈಟ್, ಅಂದರೆ ಕೃತಿಸ್ವಾಮ್ಯ, ನೀವು ಬರೆದ ಕ್ಷಣದಿಂದಲೇ ನಿಮ್ಮದು. ನೋಂದಣಿ ಕಡ್ಡಾಯವಲ್ಲ, ಬೇಕೆನಿಸಿದರೆ ಸಾಹಿತ್ಯ ಕೃತಿಗೆ ಸರ್ಕಾರಿ ಶುಲ್ಕ 500 ರೂಪಾಯಿ. ಕಾಪಿರೈಟ್ ಕಚೇರಿಯ ಜಾಲತಾಣದಲ್ಲಿ ಕಾನೂನಿನ ಕೈಪಿಡಿ ಉಚಿತವಾಗಿದೆ. ಇಂಗ್ಲಿಷಿನಲ್ಲಿದ್ದರೂ ಓದಬಹುದಾದ ಪುಸ್ತಿಕೆ. ಯಾವ ಒಪ್ಪಂದಕ್ಕೂ ಸಹಿ ಹಾಕುವ ಮೊದಲು ಅದನ್ನೊಮ್ಮೆ ನೋಡಿ.

ಕರಡು ತಿದ್ದುವಾಗ ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ನಿಘಂಟು ಪಕ್ಕದಲ್ಲಿರಲಿ. ಅಂತರ್ಜಾಲದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು ಉಚಿತ. ಆದರೂ ಕೊನೆಯ ಕರಡನ್ನು ಇನ್ನೊಬ್ಬರು ಓದಲೇಬೇಕು. ಖರ್ಚು ಉಳಿಸುವ ಜಾಗ ಇದಲ್ಲ.

ಹೆಚ್ಚು ಜನ ಎಡವುವುದು ಅಕ್ಷರ ಜೋಡಣೆಯಲ್ಲಿ. ಅನೇಕ ಡಿಟಿಪಿ ಕೇಂದ್ರಗಳು ನುಡಿ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲೇ ಪುಟ ಕಟ್ಟುತ್ತವೆ. ಅಚ್ಚಿಗೆ ಅದು ಸಾಕು. ಆದರೆ ಅದೇ ಕಡತವನ್ನು ಇ-ಪುಸ್ತಕಕ್ಕೆ ಬಳಸಿದರೆ ಅಕ್ಷರಗಳು ಕಲಸಿಹೋಗುತ್ತವೆ. ಅಲ್ಲಿ ಬೇಕಾದದ್ದು ಯೂನಿಕೋಡ್, ಅಂದರೆ ಎಲ್ಲ ಫೋನು, ಕಂಪ್ಯೂಟರುಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತ. ಪರಿವರ್ತಕ ತಂತ್ರಾಂಶಗಳಿವೆ ನಿಜ, ಆದರೆ ಒತ್ತಕ್ಷರ, ಅರ್ಕಾವೊತ್ತುಗಳನ್ನು ಮತ್ತೆ ಕಣ್ಣಿಟ್ಟು ನೋಡಬೇಕಾಗುತ್ತದೆ. ಆದ್ದರಿಂದ ಕೆಲಸ ಒಪ್ಪಿಸುವಾಗಲೇ ಹೇಳಿಬಿಡಿ: ಪಿಡಿಎಫ್ ಜೊತೆಗೆ ತಿದ್ದಿದ ಯೂನಿಕೋಡ್ ಪಠ್ಯವೂ ನನಗೆ ಬೇಕು ಎಂದು. ಎರಡನೇ ಮುದ್ರಣದ ಹೊತ್ತಿಗೆ ಆ ಕೇಂದ್ರ ಇರುತ್ತದೋ ಇಲ್ಲವೋ!

ಮುದ್ರಕರು ಲೆಕ್ಕ ಹಾಕುವುದು ಫಾರಂಗಳಲ್ಲಿ. 1/8 ಡೆಮಿ ಅಳತೆಯಲ್ಲಿ 16 ಪುಟಕ್ಕೆ ಒಂದು ಫಾರಂ. 160 ಪುಟದ ಪುಸ್ತಕ ಎಂದರೆ ಹತ್ತು ಫಾರಂ. ಪುಟಗಳನ್ನು ಹದಿನಾರರ ಲೆಕ್ಕಕ್ಕೆ ಹೊಂದಿಸಿದರೆ ಕಾಗದ ಪೋಲಾಗದು. ಕಾಗದ, ರಕ್ಷಾಪುಟ, ಬೈಂಡಿಂಗ್ ಎಲ್ಲವನ್ನೂ ಬಿಡಿಬಿಡಿಯಾಗಿ ಬರೆಸಿಕೊಂಡು ಎರಡು ಮೂರು ಕಡೆ ದರ ಕೇಳಿ. ಆಫ್‌ಸೆಟ್‌ನಲ್ಲಿ ಪ್ರತಿಗಳು ಹೆಚ್ಚಿದಷ್ಟೂ ಒಂದರ ಬೆಲೆ ಇಳಿಯುತ್ತದೆ. ಮಂಚದ ಕೆಳಗೆ ಕಟ್ಟು ಪೇರಿಸಲು ಜಾಗವಿಲ್ಲದವರಿಗೆ ‘ಪ್ರಿಂಟ್ ಆನ್ ಡಿಮಾಂಡ್’, ಅಂದರೆ ಬೇಡಿಕೆ ಬಂದಾಗಷ್ಟೇ ಮುದ್ರಣ. ಬೆಂಗಳೂರಿನ ಪೋಥಿ ಡಾಟ್ ಕಾಮ್, ಚೆನ್ನೈನ ನೋಷನ್ ಪ್ರೆಸ್ ಈ ಸೇವೆ ಕೊಡುತ್ತವೆ. ಪ್ರತಿಯೊಂದರ ಬೆಲೆ ಮಾತ್ರ ತುಸು ಹೆಚ್ಚು.

ಚೊಚ್ಚಲ ಕೃತಿಯೇ? ಯುವ ಬರಹಗಾರರ ಮೊದಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವಿದೆ. ಪ್ರಕಟಣೆ ಹೊರಟಾಗ ಹಸ್ತಪ್ರತಿ ಕಳಿಸಿ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೂ ಅರ್ಜಿ ಹಾಕಿ, ಆದರೆ ಆ ಹಣವನ್ನೇ ನಂಬಿ ಸಾಲ ಮಾಡಬೇಡಿ. ಓದುಗರಿಗೆ ಅಂಚೆಯಲ್ಲಿ ಕಳಿಸಲು 2025ರ ಮೇ ತಿಂಗಳಲ್ಲಿ ಆರಂಭವಾದ ‘ಜ್ಞಾನ ಪೋಸ್ಟ್’ ಬಗ್ಗೆ ವಿಚಾರಿಸಿ. ಆರಂಭದ ದರ 300 ಗ್ರಾಂವರೆಗೆ 20 ರೂಪಾಯಿ, ತೆರಿಗೆ ಬೇರೆ.

ಹಲವರು ಮರೆಯುವ ಕೆಲಸವೊಂದಿದೆ. 1954ರ ಕಾಯ್ದೆಯಂತೆ ಪುಸ್ತಕ ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಜೊತೆಗೆ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸಬೇಕು. ಕಳಿಸಬೇಕಾದವರು ಪ್ರಕಾಶಕರು, ಅಂದರೆ ನೀವೇ. ಅಂಚೆ ವೆಚ್ಚವೂ ನಿಮ್ಮದೇ.