ತೆಪ್ಪದ ತೂತು, ಟ್ಯಾಂಕಿನ ತೂತು

ಸೋರುವ ಡೀಸೆಲ್ ಟ್ಯಾಂಕಿಗೆ ಬೆಸುಗೆ ಹಾಕುವ ಮೊದಲು ಅದಕ್ಕೆ ನೀರು ತುಂಬಬೇಕು. ಸೋರುವ ತೆಪ್ಪಕ್ಕೆ ಡಾಂಬರು ಬಳಿಯುವ ಮೊದಲು ಅದರೊಳಗಿನ ನೀರಿನ ಪಸೆಯೆಲ್ಲ ಆರಬೇಕು. ಎರಡೂ ಕೆಲಸ ಬಲ್ಲ ಹಿರಿಯರೊಬ್ಬರು ಕುಣಿಗಲ್ ಕಡೆಯ ಒಂದು ಕೆರೆಯ ಏರಿ ಕೆಳಗೆ ಹುಣಸೆಮರದ ನೆರಳಲ್ಲಿ ಕೂತು ಇವತ್ತಿಗೂ ದುಡಿಯುತ್ತಾರೆ. ಹೆಸರು ಹಾಕಬೇಡಿ ಅಂದರು. ಊರಿನವರೆಲ್ಲ ಕರೆಯುವಂತೆ ನಾನೂ ಅವರನ್ನು ತಾತ ಎಂದೇ ಕರೆಯುತ್ತೇನೆ.

ತಾತ ಹುಟ್ಟಿದ್ದು ಬೆಸ್ತರ ಮನೆಯಲ್ಲಿ. ಕೆರೆ ಬತ್ತಿ ಮೀನಿಲ್ಲದ ವರ್ಷಗಳಲ್ಲಿ ತುಮಕೂರಿಗೆ ಹೋಗಿ, ಹೆದ್ದಾರಿ ಬದಿಯ ಲಾರಿ ಗ್ಯಾರೇಜಿನಲ್ಲಿ ಟಿಂಕರಿಂಗ್ ಕಲಿತರು. ಕೆರೆ ತುಂಬಿದಾಗ ಊರಿಗೆ ಬಂದರು. ಈಗ ಅವರ ಮುಂದೆ ಪಂಪ್‌ಸೆಟ್ ಎಂಜಿನ್ನಿನ ಟ್ಯಾಂಕೂ ಬರುತ್ತದೆ, ಬೋರಲು ಹಾಕಿದ ತೆಪ್ಪವೂ ಬರುತ್ತದೆ.

ಟ್ಯಾಂಕಿನ ಕೆಲಸ ನೋಡುವುದೇ ಒಂದು ಪಾಠ. ಡೀಸೆಲ್ಲಿಗಿಂತ ನೀರು ಭಾರ. ಹಾಗಾಗಿ ಹೇಗೋ ಒಳಸೇರಿದ ನೀರು ಟ್ಯಾಂಕಿನ ತಳದಲ್ಲೇ ನಿಂತು ತಗಡನ್ನು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಹೊರಗೆ ಬಣ್ಣ ನೆಟ್ಟಗಿದ್ದರೂ ಒಂದು ದಿನ ಸಾಸಿವೆಯಷ್ಟು ತೂತು ಬೀಳುತ್ತದೆ. ದಾರಿಯಲ್ಲಿ ಸೋರಿದರೆ ಲಾರಿ ಡ್ರೈವರುಗಳು ಬಟ್ಟೆ ಸೋಪನ್ನು ಉಜ್ಜಿ ಮುಚ್ಚುವುದುಂಟು. ಡೀಸೆಲ್ಲಿಗೆ ಸೋಪು ಕರಗುವುದಿಲ್ಲ, ಗ್ಯಾರೇಜು ಮುಟ್ಟುವ ತನಕ ತಡೆಯುತ್ತದೆ. ಆದರೆ ಬೆಸುಗೆಗೆ ಕೂರುವ ಮುನ್ನ ಆ ಸೋಪನ್ನು ಚೂರೂ ಉಳಿಯದಂತೆ ಕೆರೆದು ತೆಗೆಯಬೇಕು, ಇಲ್ಲವಾದರೆ ತವರ ಕಚ್ಚುವುದಿಲ್ಲ.

“ತುಂಬಿರೋ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಕೆಟ್ಟದ್ದು ಸಾರ್” ಅನ್ನುತ್ತಾರೆ ತಾತ. ಎಣ್ಣೆ ಸುರಿದು ಹೋದರೂ ಅದರ ಆವಿ ಒಳಗೇ ಇರುತ್ತದೆ. ಗಾಳಿಯ ಜೊತೆ ಬೆರೆತ ಆ ಆವಿಗೆ ಒಂದು ಕಿಡಿ ಸಾಕು. ಪೆಟ್ರೋಲ್ ಟ್ಯಾಂಕಾದರೆ ಇನ್ನೂ ಅಪಾಯ. ಅದಕ್ಕೇ ತಾತ ಮೊದಲು ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಿಂದ ಮತ್ತೆ ಮತ್ತೆ ತೊಳೆಯುತ್ತಾರೆ. ಆಮೇಲೆ ತೂತು ಮೇಲಕ್ಕೆ ಬರುವಂತೆ ಟ್ಯಾಂಕನ್ನು ಹೊರಳಿಸಿ, ಅದರ ಹತ್ತಿರದವರೆಗೂ ನೀರು ತುಂಬಿ, ಮುಚ್ಚಳ ತೆಗೆದೇ ಇಡುತ್ತಾರೆ. ಒಳಗೆ ಆವಿ ನಿಲ್ಲಲು ಜಾಗವೇ ಉಳಿಯಬಾರದು. ಬೆಂಕಿಯ ಜ್ವಾಲೆಯನ್ನು ಹತ್ತಿರ ತರುವುದಿಲ್ಲ. ದೂರದ ಒಲೆಯಲ್ಲಿ ಕಾಯಿಸಿದ ತಾಮ್ರದ ಬೆಸುಗೆಕೋಲನ್ನು ನವಸಾಗರದ ಮೇಲೆ ಉಜ್ಜಿ, ತವರ ಮತ್ತು ಸೀಸದ ಮಿಶ್ರಣವನ್ನು ತೂತಿನ ಮೇಲೆ ಹರಿಸುತ್ತಾರೆ. ಕಡೆಗೆ ಸೋಪಿನ ನೊರೆ ಬಳಿದು, ಬಾಯಿಂದ ಊದಿ, ಗುಳ್ಳೆ ಏಳುತ್ತದೆಯೇ ನೋಡುತ್ತಾರೆ. ಪಕ್ಕದಲ್ಲಿ ಯಾರೂ ಬೀಡಿ ಹಚ್ಚುವಂತಿಲ್ಲ, ಮೊಮ್ಮಕ್ಕಳು ಹತ್ತಿರ ಸುಳಿಯುವಂತಿಲ್ಲ.

ತೆಪ್ಪದ ಕೆಲಸಕ್ಕೆ ಇಷ್ಟು ಭಯವಿಲ್ಲ, ತಾಳ್ಮೆ ಬೇಕು. ಬಿದಿರಿನ ದಬ್ಬೆ ಹೆಣೆದು, ಹೊರಗೆ ಪ್ಲಾಸ್ಟಿಕ್ ಚೀಲದ ಹಾಳೆ ಹೊದಿಸಿ, ಡಾಂಬರು ಬಳಿದದ್ದು ಹಳೆಯ ತೆಪ್ಪ. ಹಿಂದೆ ಈ ಹಾಳೆಯ ಜಾಗದಲ್ಲಿ ತೊಗಲಿತ್ತು. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ತುಂಗಭದ್ರೆಯಲ್ಲಿ ತೊಗಲು ಹೊದಿಸಿದ ದುಂಡು ದೋಣಿಗಳು ಹದಿನೈದು ಇಪ್ಪತ್ತು ಜನರನ್ನು ಹೊತ್ತು ತಿರುಗುತ್ತಾ ಸಾಗುವುದನ್ನು ಕಂಡು ಬರೆದಿಟ್ಟಿದ್ದಾನೆ. ಇರಾಕಿನ ಟೈಗ್ರಿಸ್ ನದಿಯಲ್ಲಿ ಓಡಾಡುತ್ತಿದ್ದ ಗುಫ್ಫಾ ಎಂಬ ಬುಟ್ಟಿದೋಣಿಗೂ ಕಪ್ಪು ಡಾಂಬರೇ ಲೇಪ. ನಮ್ಮ ಕಡೆ ಶಿಂಷಾ ನದಿ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ತುಂಬಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ಸೇರುತ್ತದೆ. ಈ ನೀರಿನಲ್ಲಿ ಕಾಟ್ಲಾ, ರೋಹು ಹಿಡಿಯುವವರಿಗೆ ತೆಪ್ಪವೇ ಕಾಲು.

ಸೋರುವ ಜಾಗ ಹುಡುಕಲು ತಾತ ತೆಪ್ಪವನ್ನು ಕಲ್ಲುಗಳ ಮೇಲೆ ಎತ್ತಿಟ್ಟು ಒಳಗೆ ನೀರು ಸುರಿಯುತ್ತಾರೆ. ಹೊರಗೆ ಎಲ್ಲಿ ಪಸೆ ಕಾಣುತ್ತದೋ ಅಲ್ಲಿ ಸೀಮೆಸುಣ್ಣದ ಗೆರೆ. ಆಮೇಲೆ ದಿನಗಟ್ಟಲೆ ಬಿಸಿಲು. ನೀರು ಕುಡಿದ ಬಿದಿರು ಭಾರವಾಗುತ್ತದೆ, ಕೊಳೆಯುತ್ತದೆ. ಅದರ ಮೇಲೆ ಬಳಿದ ಡಾಂಬರು ಹಿಡಿಯದೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಉಗುರಲ್ಲಿ ಒತ್ತಿದರೆ ಕುಸಿಯುವ ದಬ್ಬೆಗಳನ್ನು ಕಿತ್ತು ಹೊಸದನ್ನು ತೂರಿಸಿ, ಹಾಳೆಗೆ ತೇಪೆ ಕೊಟ್ಟು, ಹದವಾಗಿ ಕಾಯಿಸಿದ ಡಾಂಬರು ಎಳೆಯುತ್ತಾರೆ. ಕಾವು ಹೆಚ್ಚಾದರೆ ಪ್ಲಾಸ್ಟಿಕ್ ಸುಟ್ಟುಹೋಗುತ್ತದೆ.

ಈಗ ಬಹಳ ಕಡೆ ಫೈಬರ್ ತೆಪ್ಪ ಬಂದಿದೆ. ಹಗುರ, ಬಾಳಿಕೆ ಹೆಚ್ಚು, ಒಳ್ಳೆಯದೇ. ಆದರೆ ಕಲ್ಲಿಗೆ ತಗಲಿ ಬಿರುಕು ಬಿಟ್ಟರೆ ಅದೂ ನೀರು ಕುಡಿಯುತ್ತದೆ. ಪದರಗಳ ಸಂದಿಗೆ ಇಳಿದ ನೀರು ಕಣ್ಣಿಗೆ ಕಾಣುವುದಿಲ್ಲ, ತೂಕದಲ್ಲಿ ತಿಳಿಯುತ್ತದೆ. ಬಿರುಕಿನ ಸುತ್ತ ಉಜ್ಜಿ, ಪೂರ್ತಿ ಒಣಗಿಸಿ, ಗಾಜಿನ ನಾರಿನ ಹಾಸನ್ನು ರಾಳದಲ್ಲಿ ಅದ್ದಿ ಪದರ ಪದರವಾಗಿ ಅಂಟಿಸಬೇಕು. ಈ ವಿದ್ಯೆ ತಾತನಿಗೆ ಬರುವುದಿಲ್ಲ. ತಂದ ಫೈಬರ್ ತೆಪ್ಪಕ್ಕೂ ಅವರು ಡಾಂಬರೇ ಬಳಿಯುತ್ತಾರೆ, ಅದು ಒಂದು ಮಳೆಗಾಲ ನಿಂತರೆ ಹೆಚ್ಚು. ಆಮೇಲೆ ಆ ತೆಪ್ಪ ದಡದಲ್ಲಿ ಬಿದ್ದಿರುತ್ತದೆ.

ಇದು ನನ್ನನ್ನು ಬಹಳ ಕಾಡುತ್ತದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಹೆಲಿಕಾಪ್ಟರಿನ ಹಲವು ಭಾಗಗಳಲ್ಲೂ ನಾರು ಮತ್ತು ರಾಳದ ಪದರಗಳೇ ಇರುತ್ತವೆ. ಅದು ಬಹಳ ನಯವಾದ, ದುಬಾರಿಯಾದ ಕೆಲಸ, ನಿಜ. ಆದರೂ ಮೂಲವಿದ್ಯೆ ಒಂದೇ. ಅದರ ಮೊದಲ ಪಾಠ ಅಷ್ಟು ಹತ್ತಿರದ ಕೆರೆಯಂಗಳಕ್ಕೆ ಇಳಿದು ಬಾರದಿರುವುದು ಸರಿಯಲ್ಲ.

ತಾತನ ಮಗ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಾನೆ. ಮೊಮ್ಮಗನಿಗೆ ಡಾಂಬರಿನ ವಾಸನೆ ಆಗದು. ಅದರಲ್ಲಿ ತಪ್ಪೇನೂ ಇಲ್ಲ. ತಪ್ಪಿರುವುದು ಸರ್ಕಾರಕ್ಕೆ ಹೊಸ ತೆಪ್ಪ ಕೊಡಲು ಇರುವ ಉತ್ಸಾಹ ಹಳೆಯದನ್ನು ಉಳಿಸಿಕೊಳ್ಳಲು ಇಲ್ಲದಿರುವುದರಲ್ಲಿ. ಮೀನುಗಾರಿಕೆ ಇಲಾಖೆ ಮತ್ತು ತುಮಕೂರಿನ ಐಟಿಐಗಳು ಮನಸ್ಸು ಮಾಡಿ ಬೇಸಿಗೆಯಲ್ಲಿ, ಕೆರೆ ತಗ್ಗಿರುವಾಗ, ಪ್ರತಿ ತಾಲ್ಲೂಕಿನ ನಾಲ್ಕಾರು ಮೀನುಗಾರ ಹುಡುಗರಿಗೆ ಫೈಬರ್ ತೇಪೆಯ ಕೆಲಸ ಕಲಿಸಲಿ. ಟ್ಯಾಂಕಿನ ಬೆಸುಗೆ ಕಲಿಸಲು ತಾತ ಸಿದ್ಧರಿದ್ದಾರೆ. ಕಲಿಯಲು ಬರುವವರು ಬೇಗ ಬರಲಿ, ತಾತನಿಗೆ ಈಗ ಒಂದು ಕಣ್ಣು ಮಂಜಾಗಿದೆ.